ಕಾಂತದ ಪರಿಣಾಮವೋ, ಕಾಯಿಲ್‌ನ ಬಿಸಿಯೋ?

ತಾಮ್ರದ ತಂತಿ ಸುತ್ತಿದ ಕಾಯಿಲ್‌ನ ಸ್ವಿಚ್ ಹಾಕಿದೆ. ಪರದೆ ಮೇಲೆ ದ್ರಾವಣದ ಹೊಳಪು ತೋರಿಸುವ ಗೆರೆ ಮೆಲ್ಲಗೆ ಇಳಿಯಿತು. ಕುರ್ಚಿಯಿಂದ ಎದ್ದೇ ಬಿಟ್ಟೆ. ಕಾಂತಕ್ಷೇತ್ರ ಒಂದು ರಾಸಾಯನಿಕ ಕ್ರಿಯೆಯನ್ನು ಬದಲಿಸಿದ್ದನ್ನು ಕಣ್ಣಾರೆ ಕಂಡೆ ಅಂದುಕೊಂಡು ಮೂರು ದಿನ ಖುಷಿಯಲ್ಲಿದ್ದೆ. ನಾನು ಕಂಡಿದ್ದು ತಾಮ್ರದ ತಂತಿಯ ಬಿಸಿಯನ್ನು ಅಂತ ನಾಲ್ಕನೇ ದಿನ ಗೊತ್ತಾಯಿತು.

ಭೂಮಿಯ ಕಾಂತಕ್ಷೇತ್ರ ಸುಮಾರು 50 ಮೈಕ್ರೋಟೆಸ್ಲಾ. ಅದು ಒಂದು ಎಲೆಕ್ಟ್ರಾನಿನ ಮೇಲೆ ತೋರಿಸಬಲ್ಲ ಶಕ್ತಿಗಿಂತ ಅಣುಗಳ ಬಿಸಿಯ ಕುಣಿತದ ಶಕ್ತಿ 40 ಲಕ್ಷ ಪಟ್ಟಿಗೂ ಜಾಸ್ತಿ. ಇಷ್ಟು ಸಣ್ಣ ಕ್ಷೇತ್ರ ಜೀವಕೋಶದಲ್ಲಿ ಏನು ಮಾಡೀತು ಅಂತ ಕೇಳುವವರ ಮಾತಲ್ಲಿ ನ್ಯಾಯವಿದೆ. ಆದರೆ ಒಂದು ಸಂದು ಉಂಟು. ಬೆಳಕು ಬಿದ್ದಾಗ ಕೆಲವು ಅಣುಗಳಲ್ಲಿ ಒಂದು ಎಲೆಕ್ಟ್ರಾನ್ ಪಕ್ಕಕ್ಕೆ ಜಿಗಿಯುತ್ತದೆ. ಆಗ ಎರಡು ಒಂಟಿ ಎಲೆಕ್ಟ್ರಾನ್‌ಗಳು ಉಳಿಯುತ್ತವೆ. ಇದೇ ರ್‍ಯಾಡಿಕಲ್ ಜೋಡಿ. ಪ್ರತಿ ಎಲೆಕ್ಟ್ರಾನಿಗೂ ಅದನ್ನು ಪುಟ್ಟ ಕಾಂತದ ಹಾಗೆ ಮಾಡುವ ಸ್ಪಿನ್ ಅನ್ನುವ ಗುಣ ಉಂಟು. ಸರಳವಾಗಿ ಹೇಳುವುದಾದರೆ, ಜೋಡಿಯ ಎರಡು ಸ್ಪಿನ್ ಎದುರುಬದುರಾಗಿ, ಅಂದರೆ ಸಿಂಗ್ಲೆಟ್ ಸ್ಥಿತಿಯಲ್ಲಿದ್ದರೆ ಜಿಗಿದ ಎಲೆಕ್ಟ್ರಾನ್ ವಾಪಸ್ ಬರಬಹುದು. ಒಂದೇ ಕಡೆ ತಿರುಗಿ ಟ್ರಿಪ್ಲೆಟ್ ಆಗಿದ್ದರೆ ಬಾಗಿಲು ಮುಚ್ಚಿದ ಹಾಗೆ. ಜೋಡಿ ಇರುವಷ್ಟು ಹೊತ್ತೂ ಈ ಎರಡರ ನಡುವೆ ಓಲಾಡುತ್ತಿರುತ್ತದೆ. ಕಾಂತಕ್ಷೇತ್ರ ಯಾರನ್ನೂ ತಳ್ಳುವುದಿಲ್ಲ, ಆ ಓಲಾಟದ ತಾಳ ಬದಲಿಸುತ್ತದೆ ಅಷ್ಟೆ. ಬಿಸಿಯ ಗದ್ದಲ ಸ್ಪಿನ್‌ಗೆ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ಕಂಡುಕೊಳ್ಳುವ ಹಕ್ಕಿಗಳ ದಿಕ್ಸೂಚಿ ಹೀಗೇ ಇರಬಹುದು ಅಂತ ವಿಜ್ಞಾನಿ ಕ್ಲೌಸ್ ಶುಲ್ಟನ್ ಮತ್ತು ಜೊತೆಗಾರರು 1978ರಲ್ಲೇ ಹೇಳಿದ್ದರು. ಕಣ್ಣಿನಲ್ಲಿರುವ ಕ್ರಿಪ್ಟೋಕ್ರೋಮ್ ಪ್ರೋಟೀನ್ ಆ ಕೆಲಸ ಮಾಡಬಹುದು ಅನ್ನುವ ಊಹೆ ಬಂದಿದ್ದು 2000ರಲ್ಲಿ. ಅದರೊಳಗೆ ಇರುವುದು ಫ್ಲೇವಿನ್, ಅಂದರೆ ವಿಟಮಿನ್ ಬಿ2ರ ಬಳಗ.

ನಾನೂ ಫ್ಲೇವಿನ್ ಹಿಡಿದೆ, ಆದರೆ ಪ್ರೋಟೀನ್ ಇಲ್ಲದೆ. ಎಫ್‌ಎಡಿ ಅನ್ನುವ ಫ್ಲೇವಿನ್ ಅಣುವನ್ನು ನೀರಲ್ಲಿ ಕರಗಿಸಿ, ಸ್ವಲ್ಪ ಆಮ್ಲ ಸೇರಿಸಿದೆ. ಆಮ್ಲದಲ್ಲಿ ಪರಿಣಾಮ ಚೆನ್ನಾಗಿ ಕಾಣುತ್ತದೆ. ನೀಲಿ ಲೇಸರ್ ಬಿಟ್ಟರೆ ಹಳದಿ ದ್ರಾವಣದೊಳಗೆ ಹಸಿರು ಗೆರೆ ಎದ್ದು ಹೊಳೆಯುತ್ತದೆ. ಆ ಹಸಿರನ್ನು ಡಿಟೆಕ್ಟರ್ ಅಳೆಯುತ್ತದೆ. ಅಕ್ಕಪಕ್ಕ ಎರಡು ಕಾಯಿಲ್: ತಲಾ 200 ಸುತ್ತು, 5 ಸೆಂಟಿಮೀಟರ್ ತ್ರಿಜ್ಯ. 2.8 ಆಂಪಿಯರ್ ಹರಿಸಿದರೆ ನಡುವೆ 10 ಮಿಲಿಟೆಸ್ಲಾ. ಇದು ಭೂಮಿಯದಕ್ಕಿಂತ 200 ಪಟ್ಟು. ಇದನ್ನು ಸಣ್ಣ ಕ್ಷೇತ್ರ ಅನ್ನಲು ನಾಚಿಕೆಯೇ, ಆದರೆ ಶುರು ಮಾಡುವುದು ಇಲ್ಲಿಂದಲೇ.

ಸಿದ್ಧಾಂತದ ಪ್ರಕಾರ ಕ್ಷೇತ್ರ ಹಾಕಿದರೆ, ಎಲೆಕ್ಟ್ರಾನ್ ವಾಪಸ್ ಬಂದು ಮತ್ತೆ ಹೊಳೆಯಲು ಸಿದ್ಧವಾಗುವ ಅಣುಗಳು ಕಡಿಮೆಯಾಗಿ ಹೊಳಪು ಕುಗ್ಗಬೇಕು. ಕುಗ್ಗಿತು ಕೂಡ! ನಾನು ಮೋಸಹೋಗಿದ್ದು ಅದಕ್ಕೇ. ನಿಧಾನವಾಗಿ, ನಿಮಿಷಗಟ್ಟಲೆ ಇಳಿಯುತ್ತಿತ್ತು. ಕರೆಂಟ್ ತೆಗೆದರೂ ತಕ್ಷಣ ಮೇಲೇಳಲಿಲ್ಲ. ಸೆಕೆಂಡಿನೊಳಗೆ ಎಷ್ಟೋ ಲಕ್ಷ ಸಲ ಮುಗಿದುಹೋಗುವ ಸ್ಪಿನ್ ಆಟಕ್ಕೆ ನಿಮಿಷಗಳು ಯಾಕೆ ಬೇಕು? ಸುಮ್ನೆ ಕೈ ಚಾಚಿ ಕಾಯಿಲ್ ಮುಟ್ಟಿದೆ. ಬಿಸಿ. ಲೇಸರ್ ಕೂರಿಸಿದ ಅಲ್ಯೂಮಿನಿಯಂ ತಟ್ಟೆ ಮುಟ್ಟಿದೆ. ಅದೂ ಬೆಚ್ಚಗೆ. ಲೇಸರ್ ಡಯೋಡ್ ಬಿಸಿಯಾದರೆ ಬೆಳಕು ಮಂಕಾಗುತ್ತದೆ. ಇಷ್ಟೇ ನನ್ನ ಮಹಾ ಶೋಧ.

ಲೇಸರನ್ನು ದೂರ ಇಟ್ಟೆ. ಕಾಯಿಲ್‌ಗಳನ್ನು ಬಿಚ್ಚಿ, ಎರಡು ತಂತಿ ಜೊತೆಯಾಗಿ ಹಿಡಿದು ಮತ್ತೆ ಸುತ್ತಿದೆ. ಬೆರಳು ನೋವು ಬಂತು. ಆದರೆ ಈ ಉಪಾಯ ಬಹಳ ಚೆಂದ: ಎರಡೂ ತಂತಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿದರೆ ಕ್ಷೇತ್ರ ಬರುತ್ತದೆ, ಎದುರು ದಿಕ್ಕಿಗೆ ಹರಿದರೆ ಕ್ಷೇತ್ರ ಸೊನ್ನೆ. ಬಿಸಿ ಮಾತ್ರ ಎರಡರಲ್ಲೂ ಅಷ್ಟೇ. ಯಾವಾಗ ಯಾವುದು ಅಂತ ನಾಣ್ಯ ಚಿಮ್ಮಿ ನಿರ್ಧರಿಸುವ ಕೆಲಸ ಗೆಳೆಯನದು. ಚೀಟಿ ಅವನ ಜೇಬಿನಲ್ಲಿ. ನಾನು ಗ್ರಾಫ್ ನೋಡಿ ಊಹಿಸಬೇಕು. ಫ್ಲೇವಿನ್ ಬೆಳಕಲ್ಲಿ ಸುಟ್ಟುಹೋಗುವುದರಿಂದ ಪ್ರತಿ ಸಲವೂ ಹೊಸ ದ್ರಾವಣ.

ಈ ಸಲ ಗೆರೆ ಮೆಟ್ಟಿಲಿನ ಹಾಗೆ ಇಳಿಯಿತು, ಮೆಟ್ಟಿಲಿನ ಹಾಗೇ ಏರಿತು. ಮೊದಲಿನದಕ್ಕಿಂತ ಚಿಕ್ಕ ಇಳಿತ. ಚೀಟಿ ತೆಗೆದಾಗ 20ರಲ್ಲಿ 19 ಸರಿ.

ಧೈರ್ಯ ಬಂದು ಕ್ಷೇತ್ರವನ್ನು ಇಳಿಸುತ್ತಾ ಹೋದೆ. 1 ಮಿಲಿಟೆಸ್ಲಾ ಹತ್ತಿರ ಬರುವಷ್ಟರಲ್ಲಿ ಮೆಟ್ಟಿಲು ಗದ್ದಲದಲ್ಲಿ ಕರಗಿತು. 50 ಮೈಕ್ರೋಟೆಸ್ಲಾದಲ್ಲಿ ನನ್ನ ಉಪಕರಣಕ್ಕೆ ಏನೂ ಕಾಣಲಿಲ್ಲ. ಹಾಗಂತ ಜೀವಿಗಳಲ್ಲಿ ಇಲ್ಲ ಅನ್ನಲು ನಾನ್ಯಾರು? ನೀರಲ್ಲಿ ಉರುಳಾಡುವ ಅಣುವಿಗೂ, ಪ್ರೋಟೀನಿನೊಳಗೆ ಬಿಗಿಯಾಗಿ ಕೂತ ಅಣುವಿಗೂ ಬಹಳ ವ್ಯತ್ಯಾಸ ಅಲ್ವಾ. ಆರೋಗ್ಯಕ್ಕೆ ಅಂತ ಆಯಸ್ಕಾಂತದ ಬಳೆ ಮಾರುವವರು ಮಾತ್ರ ಇದನ್ನು ತಮಗೆ ಸಿಕ್ಕ ಸಾಕ್ಷಿ ಅಂದುಕೊಳ್ಳಬಾರದು.

ಈಗ ಭೂಮಿಯ ಕ್ಷೇತ್ರವನ್ನೇ ರದ್ದು ಮಾಡುವ ಮೂರು ಜೊತೆ ಕಾಯಿಲ್ ಕಟ್ಟುತ್ತಿದ್ದೇನೆ. ಪಕ್ಕದ ಲಿಫ್ಟ್ ಮೇಲೆ ಕೆಳಗೆ ಓಡಿದರೂ ಮೀಟರ್ ಅಲುಗುತ್ತದೆ. ಅದಕ್ಕೇ ಅಳತೆ ಎಲ್ಲ ಮಧ್ಯರಾತ್ರಿ ಮೇಲೆ, ಕಬ್ಬಿಣದ ಕುರ್ಚಿಯನ್ನು ಹೊರಗಿಟ್ಟು, ನಿಂತುಕೊಂಡೇ.