ಮಗನ ಹೆಜ್ಜೆಗೆ ಎಟುಕುವ ಬರ್ಲಿನ್

ಬರ್ಲಿನ್‌ನಲ್ಲಿ ಮನೆ ಹುಡುಕುವಾಗ ಕೋಣೆ ಎಷ್ಟು ದೊಡ್ಡದು ಎಂದು ನಾವು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಆಟದ ಜಾಗ, ತರಕಾರಿ ಅಂಗಡಿ, ಮಕ್ಕಳ ಡಾಕ್ಟರು, ಇಲ್ಲಿಗೆಲ್ಲ ಎರಡು ವರ್ಷದ ಮಗ ‘ಎತ್ಕೋ’ ಅನ್ನದೆ ನಡೆದು ಹೋಗಬಲ್ಲನೇ ಎಂದು ನೋಡಿದೆವು. ಹಾಗಾಗಿ ಪ್ರೆನ್ಸ್‌ಲಾವರ್ ಬೆರ್ಗ್ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ, ಮೂರನೇ ಮಹಡಿಯ ಪುಟ್ಟ ಮನೆಗೆ ಒಪ್ಪಿಕೊಂಡೆವು. ಲಿಫ್ಟ್ ಇಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಪರದೇಶಕ್ಕೆ ಬರುವವರು ಕೇಳಿದಾಗೆಲ್ಲ ನಾನು ಹೇಳುವುದು ಇದನ್ನೇ: ಮನೆ ಚಿಕ್ಕದಾದರೂ ಇರಲಿ, ಬೀದಿ ಚೆನ್ನಾಗಿರಬೇಕು.

ಇಲ್ಲಿನ ಬೀದಿಗಳು ಹೀಗಿರುವುದಕ್ಕೆ ಹಳೆಯ ಕಾರಣವಿದೆ. ಊರು ಉಬ್ಬುತ್ತಿದ್ದ ಕಾಲದಲ್ಲಿ, 1862ರಲ್ಲಿ, ಜೇಮ್ಸ್ ಹೋಬ್ರೆಖ್ಟ್ ಎಂಬ ಎಂಜಿನಿಯರ್ ಅಗಲ ರಸ್ತೆಗಳೂ ನಡುನಡುವೆ ಚೌಕಗಳೂ ಇರುವ ನಕ್ಷೆ ಮಾಡಿಕೊಟ್ಟರು. ಅದರ ಮೇಲೆ ಎದ್ದು ನಿಂತದ್ದು ಸುಮಾರು 22 ಮೀಟರ್ ಎತ್ತರದ ಬಾಡಿಗೆ ಕಟ್ಟಡಗಳು: ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಅಂಗಳ. ಆಗ ಅಲ್ಲಿ ಕೂಲಿಕಾರರ ಸಂಸಾರಗಳು ಉಸಿರುಕಟ್ಟಿಕೊಂಡು ಬದುಕಿದವು, ಅದನ್ನು ಮರೆಯಬಾರದು. ಇವತ್ತು ಅದೇ ದಟ್ಟಣೆಯಿಂದಾಗಿ ಬೇಕರಿ, ಔಷಧದ ಅಂಗಡಿ, ಗ್ರಂಥಾಲಯ ಎಲ್ಲವೂ ಕಾಲ್ನಡಿಗೆಯಲ್ಲೇ ಸಿಗುತ್ತವೆ.

ನಮ್ಮ ದಿನಚರಿಯನ್ನು ಗಟ್ಟಿಯಾಗಿ ಹಿಡಿದಿಟ್ಟಿರುವುದು ಒಂದು ನಿಯಮ. ಕೀಟಾದಿಂದ, ಅಂದರೆ ಶಿಶುವಿಹಾರದಿಂದ, ಮಕ್ಕಳನ್ನು ಕರೆತಂದ ಮೇಲೆ ಮನೆಗೆ ಹತ್ತುವುದಿಲ್ಲ, ನೇರ ಹೊರಗೇ. ಡಿಸೆಂಬರಿನಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ. ಒಮ್ಮೆ ಮೆಟ್ಟಿಲು ಹತ್ತಿ ಕೋಟು ಬಿಚ್ಚಿದರೆ ಆ ದಿನ ಮುಗಿದಂತೆಯೇ. ಚೀಲದಲ್ಲಿ ಬಾಳೆಹಣ್ಣು, ನೀರು, ಒಂದು ಜೊತೆ ಒಣ ಕಾಲುಚೀಲ ಇದ್ದರೆ ಸಾಕು. ಮಳೆಗೆ ಕೆಸರು ಪ್ಯಾಂಟು ಇದೆ. ಭುಜಕ್ಕೆ ಪಟ್ಟಿ ಇರುವ ಈ ರಬ್ಬರಿನಂಥ ಪ್ಯಾಂಟು ಹಾಕಿ ಮಗುವನ್ನು ನೀರಿನ ಗುಂಡಿಗೇ ಬಿಟ್ಟರೂ ಚಿಂತೆಯಿಲ್ಲ. ಮಗುವಿಗೆ ಇಲ್ಲಿ ಮೊದಲು ಕೊಳ್ಳಬೇಕಾದ ಬಟ್ಟೆ ಅದೇ ಎಂಬುದು ನನ್ನ ಅಭಿಪ್ರಾಯ. ಜೋರು ಮಳೆ ಬಂದರೆ ಶ್ಯೋನ್‌ಹೌಸರ್ ಅಲೀ ಎಂಬ ರಸ್ತೆಗೆ ಹೋಗುತ್ತೇವೆ. ಅಲ್ಲಿ ಯು2 ರೈಲು ನೆಲದಡಿಯಿಂದ ಮೇಲೆದ್ದು ಕಬ್ಬಿಣದ ಸೇತುವೆಯ ಮೇಲೆ ಓಡುತ್ತದೆ. ಅದರ ಕೆಳಗೆ ನಡೆದರೆ ಕೊಡೆ ಬೇಕಿಲ್ಲ. ಹಳದಿ ರೈಲು ತಲೆಯ ಮೇಲೆ ಗಡಗಡ ಹೋದಾಗಲೆಲ್ಲ ಮಗ ನಿಂತು ಕೈಬೀಸುತ್ತಾನೆ.

ಬರ್ಲಿನ್‌ನ ಫುಟ್‌ಪಾತ್ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ನಡುವೆ ದೊಡ್ಡ ಗ್ರಾನೈಟ್ ಚಪ್ಪಡಿಗಳ ಸಾಲು, ಎರಡೂ ಅಂಚಿಗೆ ಮುಷ್ಟಿಗಿಂತ ಸಣ್ಣ ಕಲ್ಲುಗಳ ಹಾಸು. ಮಗುಗಾಡಿ ಚಪ್ಪಡಿಯ ಮೇಲೆ ಸರಾಗವಾಗಿ ಉರುಳುತ್ತದೆ, ಮಕ್ಕಳು ಸಣ್ಣ ಕಲ್ಲಿನ ಮೇಲೆ ತಮ್ಮದೇ ಆಟ ಹೂಡುತ್ತಾರೆ. ಆ ಕಲ್ಲುಗಳ ನಡುವೆ ಅಲ್ಲಲ್ಲಿ ಅಂಗೈಯಗಲದ ಹಿತ್ತಾಳೆ ತಗಡುಗಳಿವೆ. ಕಲಾವಿದ ಗುಂಟರ್ ಡೆಮ್ನಿಗ್ ಆರಂಭಿಸಿದ ನೆನಪಿನ ಕಲ್ಲುಗಳಿವು. ನಾಜಿಗಳು ಕೊಂದವರ ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ದಿನ, ಸತ್ತ ಊರು ಇಷ್ಟನ್ನೂ ಕೊರೆದು ಅವರು ಬದುಕಿದ್ದ ಮನೆಯ ಎದುರಿಗೇ ಹೂತಿರುತ್ತಾರೆ. ಐದು ವರ್ಷದ ಮಗಳು ಒಂದು ದಿನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಅಕ್ಷರ ತಡವುತ್ತಾ, ‘ಅಮ್ಮಾ, ಇದು ಯಾರ ಹೆಸರು?’ ಎಂದಳು. ‘ಈ ಮನೆಯಲ್ಲಿದ್ದ ಒಬ್ಬ ಆಂಟಿ. ಅವರು ಯಹೂದಿ ಅಂತ ಆಗಿನ ಸರ್ಕಾರದವರು ಹಿಡಿದುಕೊಂಡು ಹೋಗಿ ಕೊಂದುಬಿಟ್ಟರು. ಹೆಸರು ಮರೆಯಬಾರದು ಅಂತ ಇಲ್ಲಿ ಬರೆದಿದ್ದಾರೆ’ ಎಂದೆ. ‘ಮತ್ತೆ ಅವರ ಮಕ್ಕಳು?’ ಎಂದಳು. ಪಕ್ಕದ ಕಲ್ಲು ತೋರಿಸಿದೆ. ಇಂಥ ಪ್ರಶ್ನೆಗೆ ಮಗುವಿಗೆ ತಿಳಿಯುವಷ್ಟು ನಿಜ ಹೇಳಬೇಕು ಎಂದು ನಾನೂ ಅವಳಪ್ಪನೂ ಮೊದಲೇ ಮಾತಾಡಿಕೊಂಡಿದ್ದೆವು. 1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ನವೆಂಬರ್ 9ರ ಸುಮಾರಿಗೆ ನೆರೆಹೊರೆಯವರು ಈ ಕಲ್ಲುಗಳನ್ನು ಉಜ್ಜಿ ಬೆಳಗುತ್ತಾರೆ. ಹೋದ ಸಲ ಮಗಳೂ ಒಂದು ಬಟ್ಟೆ ಹಿಡಿದು ಕೂತಳು. ಕಾರಿನಲ್ಲಿ ಓಡಾಡುವವರಿಗೆ ಈ ಕಲ್ಲು ಕಾಣುವುದೇ ಇಲ್ಲ.

ಆಟದ ಜಾಗಗಳಲ್ಲಿ ಮರಳು, ಮರದ ದಿಮ್ಮಿ, ಹಗ್ಗ ಇವೇ ಹೆಚ್ಚು. ಕೆಲವೆಡೆ ಕೈಪಂಪೂ ಇರುತ್ತದೆ. ಒಂದು ಮಗು ಪಂಪು ಒತ್ತಬೇಕು, ಇನ್ನೊಂದು ಕೆಳಗೆ ಕಾಲುವೆ ತೋಡಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ನನ್ನ ಮಕ್ಕಳಿಗೆ ಜರ್ಮನ್ ಬಂದದ್ದೇ ಆ ಕೈಪಂಪಿನ ಬಳಿ. ಕೋಲ್ವಿಟ್ಸ್‌ಪ್ಲಾಟ್ಸ್ ಎಂಬ ಚೌಕದಲ್ಲಿ ಕಲಾವಿದೆ ಕೇಥೆ ಕೋಲ್ವಿಟ್ಸ್‌ರ ದೊಡ್ಡ ಕಂಚಿನ ಪ್ರತಿಮೆ ಕುಳಿತಿದೆ. ಮಕ್ಕಳು ಸೀದಾ ಅವರ ತೊಡೆ ಏರುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಅದೇ ಚೌಕದ ಬದಿಯಲ್ಲಿ ಶನಿವಾರ ಸಂತೆ. ಭಾನುವಾರ ಅಂಗಡಿಗಳಿಗೆ ರಜೆಯಾದ್ದರಿಂದ ಹಾಲು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು.

ಸೂಪರ್ ಮಾರ್ಕೆಟ್ಟಿನಲ್ಲಿ ಮಕ್ಕಳಿಗೊಂದು ಖಾಯಂ ಕೆಲಸವಿದೆ, ಖಾಲಿ ಬಾಟಲಿ ವಾಪಸು ಹಾಕುವುದು. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಯ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಯಂತ್ರದ ಬಾಯಿಗೆ ಬಾಟಲಿ ಇಟ್ಟರೆ ಒಳಗೆಳೆದುಕೊಂಡು ಕೊನೆಗೆ ಚೀಟಿ ಕೊಡುತ್ತದೆ. ಚೀಟಿಯನ್ನು ಗಲ್ಲಾಕ್ಕೆ ಕೊಟ್ಟು ದುಡ್ಡು ಎಣಿಸಿಕೊಳ್ಳುವುದು ಮಗಳ ಹೊಣೆ.

ಚಕ್ರದ ವಿಷಯದಲ್ಲಿ ಇಲ್ಲಿನ ಕಾನೂನು ಮಕ್ಕಳ ಪರವಾಗಿದೆ. ಎಂಟು ತುಂಬುವವರೆಗೆ ಮಕ್ಕಳು ಫುಟ್‌ಪಾತ್ ಮೇಲೇ ಸೈಕಲ್ ಹೊಡೆಯಬೇಕು (ರಸ್ತೆಯಿಂದ ಬೇರ್ಪಟ್ಟ ಸೈಕಲ್ ದಾರಿ ಇದ್ದರೆ ಅದೂ ಆಗುತ್ತದೆ), ಹತ್ತರವರೆಗೆ ಹೊಡೆಯಬಹುದು. ಎಂಟರೊಳಗಿನ ಮಗುವಿನ ಜೊತೆ ದೊಡ್ಡವರೊಬ್ಬರು ಸೈಕಲ್‌ನಲ್ಲಿ ಹೋಗಲು 2016ರಿಂದ ಅವಕಾಶವಿದೆ. ರಸ್ತೆ ದಾಟುವಾಗ ಮಾತ್ರ ಇಬ್ಬರೂ ಇಳಿಯಬೇಕು. ಮಗನಿಗೆ ಪೆಡಲ್ ಇಲ್ಲದ, ಕಾಲಿನಿಂದ ತಳ್ಳಿಕೊಂಡು ಹೋಗುವ ಪುಟ್ಟ ಸೈಕಲ್ ಕೊಟ್ಟಿದ್ದೇವೆ. ಫುಟ್‌ಪಾತಿನ ಅಂಚು ಬಂದಲ್ಲೆಲ್ಲ ಬಲಗಾಲು ಊರಿ ನಿಲ್ಲಬೇಕು ಎಂಬುದನ್ನು ಅವನು ಸರಿಯಾಗಿ ಮಾತು ಕಲಿಯುವ ಮೊದಲೇ ಕಲಿತ. ಟೋಪಿ ಹಾಕಿದ ಕೆಂಪು ಮನುಷ್ಯ ಸಿಗ್ನಲ್ಲಿನಲ್ಲಿದ್ದರೆ, ರಸ್ತೆ ಖಾಲಿಯಿದ್ದರೂ ದಾಟುವುದಿಲ್ಲ. 1961ರಲ್ಲಿ ಪೂರ್ವ ಬರ್ಲಿನ್‌ನ ಕಾರ್ಲ್ ಪೆಗ್ಲಾವ್ ರೂಪಿಸಿದ ಆ ಬೊಂಬೆ ಮನುಷ್ಯ ಮಕ್ಕಳಿಗೆ ಪರಿಚಯದವನ ಹಾಗೆ. ಮಕ್ಕಳ ಕಣ್ಣೆದುರು ಕೆಂಪಿಗೆ ದಾಟುವ ದೊಡ್ಡವರಿಗೆ ಇಲ್ಲಿ ಗೊತ್ತಿಲ್ಲದವರೂ ಬೈಯುತ್ತಾರೆ. ಬೈಯುವುದೇ ಸರಿ.

ದೂರ ಹೋಗಬೇಕಾದರೆ ಎಂ10 ಟ್ರಾಮ್ ಇದೆ. ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಡ, ತಗ್ಗಿನ ಬಾಗಿಲಿಗೆ ಮಗುಗಾಡಿ ಸಲೀಸಾಗಿ ಹತ್ತುತ್ತದೆ. ಆದರೂ ವಾರದ ಹೆಚ್ಚಿನ ದಿನ ನಾವು ಮನೆ ಸುತ್ತಲಿನ ನಾಲ್ಕಾರು ಬೀದಿ ದಾಟುವುದಿಲ್ಲ. ನಗರವನ್ನೆಲ್ಲ ತೋರಿಸಬೇಕೆಂಬ ಹಟ ಬಿಟ್ಟಮೇಲೆ ಮಕ್ಕಳೂ ನಾವೂ ನೆಮ್ಮದಿಯಾಗಿದ್ದೇವೆ. ಅದೇ ದಾರಿಯಲ್ಲಿ ದಿನಾ ನಡೆದದ್ದರಿಂದ ಬೇಕರಿಯವರಿಗೆ ಮಗನ ಹೆಸರು ಗೊತ್ತು, ನಮ್ಮ ಕಟ್ಟಡದ ಎರಡನೇ ಅಂಗಳದ ಅಜ್ಜಿಗೆ ಮಗಳ ಕೆಮ್ಮು ವಾಸಿಯಾಯಿತೇ ಎಂದು ಕೇಳುವ ಸಲುಗೆ. ಬಂಧುಬಳಗ ದೂರವಿರುವಾಗ ಇದು ಸಣ್ಣ ಆಸರೆಯಲ್ಲ.

ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಇಲ್ಲಿ ಅದೇ ವರ್ಷ ಶಾಲೆಗೆ ಸೇರಬೇಕು. ಮಗಳ ಸರದಿ ಬಂತು. ಹತ್ತಿರದ ಶಾಲೆಗೆ ಮಕ್ಕಳು ತಾವಾಗಿ ನಡೆದು ಹೋಗುವುದು ಇಲ್ಲಿನ ರೂಢಿ, ಹಾಗಾಗಿ ಈಗಿನಿಂದಲೇ ಅಭ್ಯಾಸ ಮಾಡಿಸುತ್ತಿದ್ದೇವೆ. ಮುಂದೆ ಅವಳು, ಹತ್ತು ಹೆಜ್ಜೆ ಹಿಂದೆ ನಾನು, ಬಾಯಿ ಬಿಡುವ ಹಾಗಿಲ್ಲ. ಎಲ್ಲಿ ನಿಲ್ಲಬೇಕು, ಎತ್ತ ನೋಡಬೇಕು ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಾಳೆ. ಟ್ರಾಮ್ ಹಳಿ ದಾಟುವ ಜಾಗ ಒಂದನ್ನು ಬಿಟ್ಟು. ಅಲ್ಲಿ ಸದ್ಯಕ್ಕೆ ಕೈ ಹಿಡಿದೇ ದಾಟುತ್ತೇವೆ.