ಹಿಮ ಚಿರತೆ ನೋಡಲು ಹೆಮಿಸ್‌ಗೆ: ಖಾಸಗಿ ಗೈಡ್ ಜೊತೆ ಹೋಗುವುದು ಹೇಗೆ?

ಕಬಿನಿಯಲ್ಲಿ ಜೀಪು ಹುಲಿಯನ್ನು ಹುಡುಕಿಕೊಂಡು ಓಡಾಡುತ್ತದೆ. ಲಡಾಖ್‌ನ ಹೆಮಿಸ್ ರಾಷ್ಟ್ರೀಯ ಉದ್ಯಾನದಲ್ಲಿ ಹಾಗಲ್ಲ. ದಿಬ್ಬದ ಮೇಲೆ ಒಂದೆಡೆ ಕೂತು ಎದುರಿನ ಬೆಟ್ಟವನ್ನು ಬೈನಾಕ್ಯುಲರ್‌ನಲ್ಲಿ ಗಂಟೆಗಟ್ಟಲೆ ಜಾಲಾಡಬೇಕು. ಸುಮಾರು 4,400 ಚದರ ಕಿ.ಮೀ. ಹರಡಿರುವ ಈ ಉದ್ಯಾನದಲ್ಲಿ ಬಂಡೆಯ ಬಣ್ಣದ್ದೇ ಪ್ರಾಣಿಯನ್ನು ಹೊಸಬರು ತಾವಾಗಿ ಕಂಡುಹಿಡಿಯುವುದು ಹೆಚ್ಚುಕಡಿಮೆ ಆಗದ ಮಾತು. ಹಾಗಾಗಿ ದುಡ್ಡು ಹಾಕುವುದಾದರೆ ಎರಡಕ್ಕೆ ಹಾಕಿ: ಪಳಗಿದ ಕಣ್ಣುಗಳಿಗೆ ಮತ್ತು ಹೆಚ್ಚು ದಿನಗಳಿಗೆ. ದುಬಾರಿ ಲೆನ್ಸು, ಲೇಹ್‌ನ ಒಳ್ಳೆಯ ಹೋಟೆಲು ಆಮೇಲಿನ ಮಾತು.

ಯಾವಾಗ, ಎಷ್ಟು ದಿನ

ಜನವರಿಯಿಂದ ಮಾರ್ಚ್ ನಡುವೆ ಹೋಗಿ. ಮೇಲೆ ಹಿಮ ಬಿದ್ದಾಗ ನೀಲಿ ಕುರಿಗಳು (ಭರಲ್ ಎಂಬ ಕಾಡುಪ್ರಾಣಿ) ಮೇವಿಗಾಗಿ ಕೆಳಗಿನ ಕಣಿವೆಗಳಿಗೆ ಇಳಿಯುತ್ತವೆ, ಚಿರತೆಯೂ ಅವುಗಳ ಹಿಂದೆ ಬರುತ್ತದೆ. ಅದು ಜೋಡಿ ಹುಡುಕುವ ಕಾಲವೂ ಹೌದು. ಹೆಚ್ಚು ಓಡಾಡುತ್ತದೆ, ಕೂಗುತ್ತದೆ, ಬಂಡೆಗಳ ಮೇಲೆ ವಾಸನೆಯ ಗುರುತು ಬಿಡುತ್ತದೆ. ಬೇಸಿಗೆಯಲ್ಲಿ ಹೋದವರು ಸಾಮಾನ್ಯವಾಗಿ ಬೆಟ್ಟ ನೋಡಿಕೊಂಡು ಬರುತ್ತಾರೆ ಅಷ್ಟೆ.

2024ರಲ್ಲಿ ಪ್ರಕಟವಾದ ದೇಶದ ಮೊದಲ ಗಣತಿಯ ಅಂದಾಜಿನಂತೆ ಭಾರತದಲ್ಲಿ 718 ಹಿಮ ಚಿರತೆಗಳಿವೆ, ಅದರಲ್ಲಿ 477 ಲಡಾಖ್‌ನಲ್ಲೇ. ಹಾಗೆಂದು ಮೂರು ದಿನದಲ್ಲಿ ಕಂಡೇ ಕಾಣುತ್ತದೆ ಎಂದುಕೊಳ್ಳಬೇಡಿ. ಲೇಹ್‌ನಲ್ಲಿ ಕಳೆಯುವ ದಿನ ಬಿಟ್ಟು, ಕಣಿವೆಯಲ್ಲೇ ಆರರಿಂದ ಎಂಟು ರಾತ್ರಿ ಇಟ್ಟುಕೊಳ್ಳಿ. 'ನೋಡಿಸಿಯೇ ತೀರುತ್ತೇವೆ' ಎನ್ನುವವರಿಂದ ದೂರ ಇರಿ. ಅಂಥ ಮಾತು ಉಳಿಸಿಕೊಳ್ಳಲು ಹೋದವರೇ ಪ್ರಾಣಿಯ ಬೆನ್ನು ಹತ್ತುತ್ತಾರೆ.

ಬುಕ್ ಮಾಡುವಾಗ ಕೇಳಬೇಕಾದ್ದು

ಖಾಸಗಿ ಪ್ರವಾಸ ಎಂದರೆ ಗೈಡ್, ಗಾಡಿ, ಅಡುಗೆಯವರು ನಿಮ್ಮ ತಂಡಕ್ಕೆ ಮಾತ್ರ. ಎತ್ತರದ ಜಾಗದಲ್ಲಿ ಇದರ ದೊಡ್ಡ ಲಾಭ, ನಿಧಾನ ನಡೆಯುವವರಿಗಾಗಿ ಇನ್ನೊಬ್ಬರು ಗೊಣಗುವುದಿಲ್ಲ. ದರ ಕೇಳುವ ಮೊದಲು ಇವನ್ನು ಕೇಳಿ: ಗೈಡ್ ಅಲ್ಲದೆ ಬೇರೆ ಟ್ರ್ಯಾಕರ್‌ಗಳು ಎಷ್ಟು ಜನ? ಕನಿಷ್ಠ ಇಬ್ಬರು, ಅದೇ ಕಣಿವೆಯವರು ಇರಲಿ. ಒಬ್ಬ ನಿಮ್ಮ ಜೊತೆ ಕೂತರೆ ಇನ್ನೊಬ್ಬ ಬೆಳಕು ಹರಿಯುವ ಮೊದಲೇ ಬೇರೆ ದಿಬ್ಬ ಹತ್ತಿರುತ್ತಾನೆ. ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲೆ ಕೂರಿಸುವ ದೂರದರ್ಶಕ) ಎಷ್ಟು? ನಾಲ್ಕು ಜನಕ್ಕೆ ಒಂದೇ ಆದರೆ ಸಾಲದು. ಆಕ್ಸಿಜನ್ ಸಿಲಿಂಡರ್ ಇದೆಯೇ? ರಾತ್ರಿ ಯಾರಿಗಾದರೂ ಉಸಿರು ಕಟ್ಟಿದರೆ ಲೇಹ್‌ಗೆ ಇಳಿಸುವ ಗಾಡಿ ಎಲ್ಲಿ ನಿಂತಿರುತ್ತದೆ? ಉದ್ಯಾನದ ಶುಲ್ಕ ದರದಲ್ಲಿ ಸೇರಿದೆಯೇ?

ವಾಸಕ್ಕೆ ರುಂಬಕ್‌ನಂಥ ಹಳ್ಳಿಯ ಹೋಂಸ್ಟೇ ಒಳ್ಳೆಯದು. ಹಿಮ ಚಿರತೆ ಕೊಟ್ಟಿಗೆಗೆ ನುಗ್ಗಿದರೆ ಒಂದೇ ರಾತ್ರಿ ಹತ್ತಾರು ಕುರಿ ಕೊಂದುಬಿಡುವುದುಂಟು. ಹಿಂದೆ ಸಿಟ್ಟಿನಿಂದ ಅದನ್ನು ಕೊಲ್ಲುತ್ತಿದ್ದ ಊರಿನವರಿಗೆ ಈಗ ಹೋಂಸ್ಟೇ ಮೂಲಕ ಅದರಿಂದಲೇ ಸಂಪಾದನೆ.

ಮೊದಲ ಎರಡು ದಿನ ಸುಮ್ಮನಿರಿ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ರುಂಬಕ್ ಇನ್ನೂ ಮೇಲೆ. ಬೆಂಗಳೂರಿನ 900 ಮೀಟರಿನಿಂದ ವಿಮಾನದಲ್ಲಿ ಬಂದಿಳಿದ ದೇಹಕ್ಕೆ ಕನಿಷ್ಠ ಎರಡು ರಾತ್ರಿ ಲೇಹ್‌ನಲ್ಲೇ ವಿಶ್ರಾಂತಿ ಬೇಕು. ಮೊದಲ ದಿನ ಮೆಟ್ಟಿಲು ಹತ್ತುವುದೂ ಬೇಡ, ಮದ್ಯವಂತೂ ಬೇಡವೇ ಬೇಡ. ಎರಡನೇ ದಿನ ಮಧ್ಯಾಹ್ನ ಲೇಹ್ ಹತ್ತಿರದ ಶೇ ಎಂಬ ಹಳ್ಳಿಯ ಬಳಿ ಸಿಂಧೂ ತೀರಕ್ಕೆ ಗಾಡಿಯಲ್ಲಿ ಹೋಗಿ. ಕಲ್ಲುಗುಂಡುಗಳ ನಡುವೆ ಬಾಗಿದ ಕೊಕ್ಕಿನ ಐಬಿಸ್‌ಬಿಲ್ ಹಕ್ಕಿ ಚಳಿಗಾಲದಲ್ಲಿ ಅಲ್ಲಿರುತ್ತದೆ.

ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಎತ್ತರ ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ. ದಿನಕ್ಕೆರಡು ಬಾರಿ ಎಂಬುದು ರೂಢಿಯ ಪ್ರಮಾಣ. ಸಲ್ಫಾ ಔಷಧಿ ಆಗದವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಈ ಮಾತ್ರೆಗೆ ಮೂತ್ರ ಹೆಚ್ಚು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ನಡುರಾತ್ರಿ ಎದ್ದು ಹೋಗುವುದು ಸಣ್ಣ ಸಾಹಸವಲ್ಲ, ಎರಡನೇ ಮಾತ್ರೆಯನ್ನು ಸಂಜೆಗೇ ಮುಗಿಸಿ. ಸಣ್ಣ ತಲೆನೋವು ಮಾಮೂಲು. ಆದರೆ ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ ಇಳಿಯಿರಿ.

ಕಣಿವೆಯಲ್ಲಿ ನೋಡುವ ಕ್ರಮ

ಬೆಳಕು ಹರಿಯುವಾಗ ಮತ್ತು ಸಂಜೆ ಚಿರತೆ ನಡೆದಾಡುತ್ತದೆ. ಹಗಲೆಲ್ಲ ಸಾಮಾನ್ಯವಾಗಿ ಬಂಡೆಯ ಮೇಲೆ ಮಲಗಿರುತ್ತದೆ. ಬೆಟ್ಟದ ನೆತ್ತಿಯಿಂದ ಶುರುಮಾಡಿ. 8x42 ಅಥವಾ 10x42 ಬೈನಾಕ್ಯುಲರ್‌ನಲ್ಲಿ ಎಡದಿಂದ ಬಲಕ್ಕೆ ಒಂದು ಪಟ್ಟಿ ನೋಡಿ, ಸ್ವಲ್ಪ ಕೆಳಗಿಳಿಸಿ, ಹಿಂದಿನದಕ್ಕೆ ತುಸು ತಾಗುವಂತೆ ಮುಂದಿನ ಪಟ್ಟಿ ನೋಡಿ. ಇಡೀ ಚಿರತೆಯನ್ನು ಹುಡುಕಬೇಡಿ. ಬಂಡೆಯಂಚಿನಲ್ಲಿ ಜೋತ ದಪ್ಪ ಬಾಲ, ಆಗಸದ ಗೆರೆಯ ಮೇಲೆ ಎರಡು ಕಿವಿ, ಇಷ್ಟೇ ಕಾಣುವುದು. ನೀಲಿ ಕುರಿಗಳ ಹಿಂಡು ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ಆ ಇಳಿಜಾರನ್ನು ಮೊದಲು ನೋಡಿ. ಒಂದೇ ಜಾಗದಲ್ಲಿ ಕಾಗೆ, ಮ್ಯಾಗ್‌ಪೈ ಸುತ್ತುತ್ತಿದ್ದರೆ ಬೇಟೆ ಬಿದ್ದಿರಬಹುದು. ದೊಡ್ಡ ಬೇಟೆ ಸಿಕ್ಕ ಚಿರತೆ ಕೆಲವು ದಿನ ಅಲ್ಲೇ ಇರುತ್ತದೆ. ಅಂಥ ಸುದ್ದಿ ಬಂದರೆ ಉಳಿದ ಯೋಜನೆಯೆಲ್ಲ ಕೈಬಿಡಿ.

ಟ್ರ್ಯಾಕರ್ 'ಶಾನ್' (ಲಡಾಖಿ ಭಾಷೆಯಲ್ಲಿ ಹಿಮ ಚಿರತೆ) ಎಂದು ಕೂಗಿದರೆ ಸಿಕ್ಕಿತೆಂದು ಅರ್ಥ. ಆಗ ಎಲ್ಲರೂ ಮಾಡುವ ತಪ್ಪೊಂದಿದೆ: ಓಡಿಬಂದು ಸ್ಕೋಪನ್ನು ಕೈಯಲ್ಲಿ ಹಿಡಿಯುವುದು. ಟ್ರೈಪಾಡ್ ಕೂದಲೆಳೆ ಸರಿದರೂ ಚಿರತೆ ಚೌಕಟ್ಟಿನಿಂದ ಮಾಯ. ಕೈ ಹಿಂದಕ್ಕೆ ಕಟ್ಟಿ, ಕಣ್ಣು ಮಾತ್ರ ಹತ್ತಿರ ತನ್ನಿ, ಉಸಿರನ್ನು ಪಕ್ಕಕ್ಕೆ ಬಿಡಿ, ಇಲ್ಲವಾದರೆ ಗಾಜಿಗೆ ಮಂಜು ಕಟ್ಟುತ್ತದೆ. 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್‌ನಲ್ಲಿ 30ರ ಆಸುಪಾಸಿನಿಂದ ಆರಂಭಿಸಿ. ಬಿಸಿಲೇರಿದ ಮೇಲೆ ಗಾಳಿ ನಡುಗುವುದರಿಂದ 60ರಲ್ಲಿ ಕಾಣುವುದು ಬರೀ ಅಲುಗಾಟ.

ಚಿರತೆ ಅರ್ಧ ಕಿಲೋಮೀಟರ್ ಆಚೆ ಇರುವುದೇ ಹೆಚ್ಚು. 600 ಎಂಎಂ ಲೆನ್ಸಿಗೂ ಅದೊಂದು ಚುಕ್ಕೆ. ಸ್ಕೋಪಿಗೆ ಮೊಬೈಲ್ ಕೂರಿಸುವ ಅಡಾಪ್ಟರ್ ಒಯ್ದು ವಿಡಿಯೊ ಮಾಡಿ, ನೆನಪಿಗೆ ಅದೇ ಚೆನ್ನ. ಹತ್ತಿರ ಹೋಗೋಣ ಎಂದು ಗೈಡ್‌ಗೆ ಒತ್ತಾಯಿಸಬೇಡಿ. ಮಲಗಿದ್ದ ಪ್ರಾಣಿ ತಲೆಯೆತ್ತಿ ನಿಮ್ಮತ್ತಲೇ ನೋಡುತ್ತಿದ್ದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಬೇಟೆ ಬಿಟ್ಟು ಅದು ಎದ್ದುಹೋದರೆ ಕಷ್ಟಪಟ್ಟು ಗಳಿಸಿದ ಊಟ ತೋಳದ ಪಾಲಾಗಬಹುದು.

ಚೀಲದಲ್ಲಿ ಏನಿರಬೇಕು

ಒಂದೇ ದಪ್ಪ ಜಾಕೆಟ್‌ಗಿಂತ ಪದರಗಳು ಮೇಲು: ಉಣ್ಣೆಯ ಒಳಉಡುಪು, ಫ್ಲೀಸ್, ಮೇಲೆ ಡೌನ್ ಜಾಕೆಟ್. ನಡೆಯುವಾಗ ಒಂದು ಪದರ ಕಳಚಿ. ಬೆವರಿ ಒದ್ದೆಯಾದ ಬಟ್ಟೆಯಲ್ಲಿ ಕೂತರೆ ಹತ್ತೇ ನಿಮಿಷಕ್ಕೆ ನಡುಕ. ಕೂರಲು ಫೋಮ್ ತುಂಡು, ಹೆಪ್ಪುಗಟ್ಟಿದ ಹೊಳೆ ದಾಟಲು ಶೂಗೆ ಕಟ್ಟುವ ಮುಳ್ಳುಪಟ್ಟಿ, ಹಿಮದ ಪ್ರತಿಫಲನಕ್ಕೆ ಕಪ್ಪು ಕನ್ನಡಕ, ಒಂದು ಲೀಟರ್ ಫ್ಲಾಸ್ಕ್ ಬೇಕೇ ಬೇಕು. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಹಗಲು ಒಳಜೇಬಿನಲ್ಲಿ, ರಾತ್ರಿ ಮಲಗುವ ಚೀಲದೊಳಗೆ ಇಡಿ. ಕ್ಯಾಮೆರಾವನ್ನು ಹೊರಗೇ ಜಿಪ್ ಕವರಿಗೆ ಹಾಕಿ ಒಳತನ್ನಿ. ಬೆಚ್ಚನೆ ಕೋಣೆಯಲ್ಲಿ ಕೂಡಲೇ ತೆರೆದರೆ ಒಳಗೂ ಹೊರಗೂ ನೀರಹನಿ ಕೂರುತ್ತದೆ. ಬುಖಾರಿ ಒಲೆ ಉರಿಯುತ್ತಿರುವಾಗ ಕಿಟಕಿ, ಬಾಗಿಲು ಬಿಗಿ ಮುಚ್ಚಿ ಮಲಗಬೇಡಿ, ಹೊಗೆಯ ವಿಷಾನಿಲ ಗೊತ್ತಾಗುವುದೇ ಇಲ್ಲ.

ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಒಯ್ಯಿರಿ. ನಗದನ್ನು ಲೇಹ್‌ನಲ್ಲೇ ತೆಗೆದುಕೊಳ್ಳಿ. ಹಿಮ ಬಿದ್ದರೆ ಲೇಹ್‌ನ ವಿಮಾನ ರದ್ದಾಗುತ್ತದೆ, ದೆಹಲಿಯ ಮಂಜಿಗೂ ತಡವಾಗುತ್ತದೆ. ವಾಪಸಾಗುವಾಗ ದೆಹಲಿಯಿಂದ ಬೆಂಗಳೂರಿನ ಟಿಕೆಟನ್ನು ಅದೇ ದಿನಕ್ಕೆ ಬೇರೆಯಾಗಿ ಕೊಳ್ಳಬೇಡಿ, ನಡುವೆ ಒಂದು ದಿನ ಬಿಡಿ.