ಮಳೆ ಪುಸ್ತಕದಲ್ಲಿ ಸಿಟ್ಟಿನ ಲೆಕ್ಕ

ಕೊಡಗಿನ ಮಾದಾಪುರದ ಹತ್ತಿರವಿರುವ ನಮ್ಮ ಕಾಫಿ ತೋಟದಲ್ಲಿ ಅಪ್ಪನ ಕಾಲದಿಂದಲೂ ಮಳೆ ಪುಸ್ತಕ ಬರೆಯುತ್ತಿದ್ದೇವೆ. ದಿನವೂ ಬೆಳಿಗ್ಗೆ ಮಳೆಯನ್ನು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ದಾಖಲಿಸುತ್ತೇವೆ. 100 ಸೆಂಟ್‌ಗೆ ಒಂದು ಇಂಚು. ಆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಈಗ ನನ್ನ ಸಿಟ್ಟಿನ ಲೆಕ್ಕವೂ ಇದೆ.

ಒಂದು ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬರಲಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ಕಾಯುತ್ತಿತ್ತು, ಸ್ಪ್ರಿಂಕ್ಲರ್ ಹಾಕಲೇಬೇಕಿತ್ತು. ಅದಕ್ಕೆ ನೀರೆತ್ತುವ, ನನಗೂ ತಮ್ಮನಿಗೂ ಸೇರಿದ ಡೀಸೆಲ್ ಎಂಜಿನ್ ಅವನ ಬಳಿ ಇತ್ತು. ಎರಡು ದಿನ ಕಳೆದರೂ ಕಳುಹಿಸಲಿಲ್ಲ. ಕೆಲಸದವರ ಎದುರೇ ಅವನನ್ನು ಬೈದೆ. ಮಾತು ನಿಂತಿತು. ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು ತೆಗೆಯಲೂ ಅವನು ಬರಲಿಲ್ಲ. ನನಗೆ ನಿದ್ದೆ ಹೋಯಿತು.

ಮಡಿಕೇರಿಯ ಆಪ್ತಸಮಾಲೋಚಕಿಯೊಬ್ಬರು ಹಾಳೆಯ ನಡುವೆ ಗೆರೆ ಎಳೆಯಲು ಹೇಳಿದರು. ಎಡಕ್ಕೆ ಕಂಡದ್ದು, ಬಲಕ್ಕೆ ಅಂದುಕೊಂಡದ್ದು. ಭಾವನೆಗೆ ಸೊನ್ನೆಯಿಂದ 100ರವರೆಗೆ ಅಂಕ. ಇದರ ಮೂಲ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಚಿಕಿತ್ಸಾ ಕ್ರಮದಲ್ಲಿದೆಯಂತೆ. ಖಿನ್ನತೆಯಲ್ಲಿರುವವರ ಮನಸ್ಸಿನಲ್ಲಿ ಆಲೋಚನೆಗಳು ತಾವಾಗಿಯೇ ಎದ್ದು ಬರುತ್ತವೆ, ಪರೀಕ್ಷಿಸದೆಯೇ ಅವರು ಅವನ್ನು ನಿಜವೆಂದು ನಂಬುತ್ತಾರೆ ಎಂಬುದನ್ನು ಬೆಕ್ 1960ರ ದಶಕದಲ್ಲಿ ಗುರುತಿಸಿದ್ದರು. ನನಗೆ ಹಿಡಿಸಿದ್ದು 100ರ ಲೆಕ್ಕ. ಸೆಂಟ್‌ನಲ್ಲಿ ಅಳೆಯುವುದು ಕೈಗೆ ಪಳಗಿದ ಕೆಲಸ.

ಮೊದಲ ದಿನ ಎಡಕ್ಕೆ ಹೀಗೆ ಬರೆದೆ: ‘ತಮ್ಮ ಬೇಕೆಂದೇ ಎಂಜಿನ್ ಕಳುಹಿಸಲಿಲ್ಲ.’ ಸಿಟ್ಟು 90 ಸೆಂಟ್. ಆ ‘ಬೇಕೆಂದೇ’ ಎಂಬ ಪದವನ್ನು ಹೊಡೆದು ಬಲಕ್ಕೆ ಬರೆಯಲು ನನಗೆ ಮೂರು ದಿನ ಹಿಡಿಯಿತು. ಕಣ್ಣಾರೆ ಕಂಡಿದ್ದೇನೆ ಎಂದೇ ನಂಬಿದ್ದೆ. ಆ ಪದ ಆಚೆಗೆ ಹೋದ ಮೇಲೆ ಎಡಗಡೆ ಉಳಿದದ್ದು ಇಷ್ಟೇ: ಎರಡು ದಿನ ಎಂಜಿನ್ ಬರಲಿಲ್ಲ, ಫೋನ್ ಮಾಡಿದಾಗ ‘ನಾಳೆ’ ಎಂದ. ಸಿಟ್ಟು ಎಂಬ ಪದವೂ ಪೂರ್ತಿ ಸರಿಯಿರಲಿಲ್ಲ. ಅರ್ಧ ಅದು ಬೆಳೆ ಹೋದೀತೆಂಬ ಹೆದರಿಕೆ, ಉಳಿದರ್ಧ ಅಣ್ಣನೆಂಬ ಮರ್ಯಾದೆ ಸಿಗಲಿಲ್ಲವೆಂಬ ನೋವು. ಎರಡನ್ನೂ ಬೇರೆ ಬೇರೆ ಬರೆದೆ. ಸಿಟ್ಟು 40ಕ್ಕೆ ಇಳಿಯಿತು.

ಆಮೇಲೆ ಅವನ ಮನೆಗೆ ಹೋದೆ. “ಅಣ್ಣ, ಎಂಜಿನ್ ಅನ್ನು ಮಾವನ ತೋಟಕ್ಕೆ ಕೊಟ್ಟಿದ್ದೆ. ನಿನಗೆ ಹೇಳಲು ಅಂಜಿಕೆಯಾಯಿತು” ಎಂದ. ತಪ್ಪು ಅವನದೂ ಇತ್ತು, ಅದನ್ನು ಅವನಿಗೆ ಹೇಳಿದೆ. ಆದರೆ ಒಂಬತ್ತು ತಿಂಗಳು ನಾನು ಮಾತು ಬಿಟ್ಟಿದ್ದು ಅವನು ಮಾಡದ ತಪ್ಪಿಗೆ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಿಟ್ಟು ಬಂದ ಗಳಿಗೆಯಲ್ಲಿ ನಾನು ಬರೆಯುವುದಿಲ್ಲ. ಆಗ ಬರೆದದ್ದೆಲ್ಲ ಬೈಗುಳವಾಗುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಬರೆಯುತ್ತೇನೆ.

ಬರೆದಾಗಲೆಲ್ಲ ಭಾವನೆ ಇಳಿಯಲೇಬೇಕೆಂದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಜೋರು ಮಳೆಯ ರಾತ್ರಿಗಳಲ್ಲಿ ನನ್ನ ಹೆಂಡತಿಗೆ ನಡುಕ. ‘ಗುಡ್ಡ ಬರುತ್ತದೆ’ ಎನ್ನುತ್ತಾಳೆ. ಬಹಳ ಸಲ ಎಡಗಡೆ ಬರೆಯಲು ಮಳೆಯ ಸದ್ದಲ್ಲದೆ ಬೇರೇನೂ ಇರುವುದಿಲ್ಲ, ಬರೆದ ಮೇಲೆ ಮಲಗುತ್ತೇವೆ. ಒಂದು ರಾತ್ರಿ ಮಾತ್ರ ಎಡಗಡೆ ಎರಡು ಸಾಲು ಬಂದವು: ಹಿತ್ತಲಿನ ಕಡಿದಾದ ಮಣ್ಣಿನ ಬರೆಯಲ್ಲಿ ಹೊಸ ಬಿರುಕು, ಒರತೆಯ ನೀರು ಕೆಂಪಾಗಿದೆ. ಹೆದರಿಕೆ 95 ಸೆಂಟ್, ಬರೆದ ಮೇಲೂ 95. ಪುಸ್ತಕ ಮುಚ್ಚಿ, ಟಾರ್ಚ್ ಹಿಡಿದು, ಇಬ್ಬರೂ ತಮ್ಮನ ಮನೆಗೆ ನಡೆದೆವು.